ಧ್ವನಿಸುರುಳಿಗಳ ಅರ್ಧ ಗಂಟೆ

ರೈಲು ನಿಲ್ದಾಣ, ಸಿಮೆಂಟು ಕಾರ್ಖಾನೆ, ತೆಂಗಿನ ತೋಟ ಈ ಮೂರರ ಸದ್ದಿನ ನಡುವೆ ಅಮ್ಮಸಂದ್ರದಲ್ಲಿ ಬೆಳೆದವನು ನಾನು. ಸಂಗೀತಶಾಸ್ತ್ರವನ್ನು ಬಲ್ಲವನಲ್ಲ. ಆದರೂ ಇಂದು ಹಾಡಿನ ವಿಷಯವಾಗಿ, ಅದರಲ್ಲಿಯೂ ಒಂದು ಕಾಲಕ್ಕೆ ಮನೆಮನೆಗೂ ಬಂದು ಈಗ ಅಂಗಡಿಗಳಿಂದ ಮರೆಯಾಗಿರುವ ಕನ್ನಡ ಭಾವಗೀತೆಗಳ ಧ್ವನಿಸುರುಳಿಗಳ ವಿಷಯವಾಗಿ ಕೆಲವು ಮಾತು ಹೇಳಲು ಹೊರಟಿದ್ದೇನೆ. ಯಂತ್ರ ಹೋಯಿತು, ಸುರುಳಿ ಹೋಯಿತು. ಹಾಡು ಮಾತ್ರ ಏಕೆ ಉಳಿಯಿತು ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಒಂದು ಇಂಗ್ಲಿಷ್ ಆಲ್ಬಮ್ಮಿನಿಂದ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಎಂಬತ್ತರ ದಶಕದ ಮೊದಲಲ್ಲಿ, ಆಗ ಮೈಸೂರು ಸಿಮೆಂಟ್ಸ್ ಎಂಬ ಹೆಸರಿದ್ದ ಕಾರ್ಖಾನೆಯ ಕಾಲೊನಿಯಲ್ಲಿ ಎಂಜಿನಿಯರರೊಬ್ಬರ ಮನೆಗೆ ನಾನು ಹೋಗಿಬರುತ್ತಿದ್ದೆ. ಅವರು ಬಾಸ್ಟನ್ ಎಂಬ ಅಮೆರಿಕನ್ ತಂಡದ 1976ರ ಮೊದಲ ಆಲ್ಬಮ್ಮನ್ನು ಹಾಕಿ, ಎದುರು ಕೂರಿಸಿಕೊಂಡು ಕೇಳಿಸುತ್ತಿದ್ದರು. ರಾಕ್ ಎಂದರೆ ಬರಿಯ ಗದ್ದಲವೆಂದು ತಿಳಿದಿದ್ದ ನನಗೆ ಅದರಲ್ಲಿದ್ದ ಇಂಪು ಅನಿರೀಕ್ಷಿತವಾಗಿತ್ತು. ಅದರ ಬಹುಭಾಗವನ್ನು ಟಾಮ್ ಶೋಲ್ಜ್ ಎಂಬಾತ ತನ್ನ ಮನೆಯ ನೆಲಮಾಳಿಗೆಯಲ್ಲಿಯೇ ಧ್ವನಿಮುದ್ರಿಸಿದ್ದನು. ಹೊಟ್ಟೆಪಾಡಿಗೆ ಆತ ಪೋಲರಾಯ್ಡ್ ಕಂಪನಿಯ ಎಂಜಿನಿಯರ್. ಒಟ್ಟು 40 ನಿಮಿಷಕ್ಕೂ ಕಡಿಮೆಯ ಆ ಆಲ್ಬಮ್ಮಿನಲ್ಲಿ ಒಂದು ಹಾಡು ಇನ್ನೊಂದಕ್ಕೆ ಬಾಗಿಲು ತೆರೆಯುತ್ತಿತ್ತು. ಬಿಡಿ ಹಾಡು ಬೇರೆ, ಹಾಡುಗಳನ್ನು ಪೋಣಿಸಿದ ಮಾಲೆ ಬೇರೆ ಎಂಬುದು ನನಗೆ ಮನದಟ್ಟಾದದ್ದು ಅಲ್ಲಿ. ನಮ್ಮ ಭಾಷೆಯಲ್ಲಿ ಅಂಥದಿಲ್ಲವೆ ಎಂದು ಯೋಚಿಸುತ್ತ ಮನೆಗೆ ಬಂದರೆ, ಅದು ನಮ್ಮ ನಡುಮನೆಯಲ್ಲಿಯೇ ಇತ್ತು.

ಇಂಗ್ಲಿಷ್ ಗೀತೆ ನಮ್ಮ ಸೀಮೆಯವರನ್ನು ಹೀಗೆ ಎಚ್ಚರಿಸಿದ್ದು ಅದು ಮೊದಲ ಸಲವಲ್ಲ. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಎಂಬ ಪುಸ್ತಕದಿಂದ ಹೊಸಗನ್ನಡ ಕವಿತೆಗೆ ಹೊಸ ನಡೆಯನ್ನು ಕಲಿಸಿದರು. ಪರಭಾಷೆಯ ಭಾವವನ್ನು ಕನ್ನಡದ ಲಯಕ್ಕೆ ಒಗ್ಗಿಸಿದ ಆ ಸಾಹಸವಿಲ್ಲದಿದ್ದರೆ ಭಾವಗೀತೆಯ ಬೆಳೆ ಅಷ್ಟು ಬೇಗ ಅಷ್ಟು ಹುಲುಸಾಗಿ ಬರುತ್ತಿರಲಿಲ್ಲ. ಆದರೆ ಪುಸ್ತಕದ ಕವಿತೆ ಓದುಬಲ್ಲವರ ಸೊತ್ತು. ಅದನ್ನು ಓದಲಾರದವರ ಕಿವಿಗೆ ಮುಟ್ಟಿಸುವವರು ಬೇಕಾಗಿತ್ತು.

ಆ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಪಿ. ಕಾಳಿಂಗರಾಯರದು ದೊಡ್ಡ ಹೆಸರು. ಮೋಹನಕುಮಾರಿ, ಸೋಹನಕುಮಾರಿ ಸೋದರಿಯರೊಡನೆ ಅವರು ಹಾಡಿದ ಹಾಡುಗಳು ನಾಡೆಲ್ಲ ಸುತ್ತಿದವು. ಆದರೆ ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದ ಆಸುಪಾಸಿನ ಹಾಡು. ಇನ್ನು ಆಕಾಶವಾಣಿ: 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದ ಮೇಲೆ ಹಾಡು ಗಾಳಿಯಲ್ಲಿ ಬಂತು, ಗಾಳಿಯಲ್ಲಿಯೇ ಹೋಯಿತು. ಮೆಚ್ಚಿದ ಹಾಡಿಗಾಗಿ ಮತ್ತೆ ಎಷ್ಟು ದಿನ ಕಾಯಬೇಕೋ ಹೇಳುವಂತಿರಲಿಲ್ಲ.

ಈ ಕಾಯುವಿಕೆಯನ್ನು ತಪ್ಪಿಸಿದ್ದು ಧ್ವನಿಸುರುಳಿ. ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಅಂಗೈಯಗಲದ ಆ ಪೆಟ್ಟಿಗೆಯಲ್ಲಿ, 60 ನಿಮಿಷದ ಅಳತೆಯದಾದರೆ, ಒಂದೊಂದು ಬದಿಗೆ ಅರ್ಧ ಗಂಟೆ. ಒಬ್ಬ ಕವಿಯ ಲೋಕವನ್ನು ಒಂದು ಸಂಜೆಗೆ ಮನೆಗೆ ಕರೆತರಲು ಅಷ್ಟು ಸಾಕು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಪ್ರಸಿದ್ಧವಾದ 'ನಿತ್ಯೋತ್ಸವ' 1978ರಲ್ಲಿ ಹೊರಬಂತು. ಗೀತೆಗಳು ಕೆ. ಎಸ್. ನಿಸಾರ್ ಅಹಮದರವು, ಸಂಗೀತ ಮೈಸೂರು ಅನಂತಸ್ವಾಮಿಯವರದು. ನಿಸಾರರು ಭೂವಿಜ್ಞಾನದ ಅಧ್ಯಾಪಕರು. ಸುಣ್ಣಕಲ್ಲನ್ನು ಅರೆದು ಬದುಕುತ್ತಿದ್ದ ನಮ್ಮ ಊರಿನಲ್ಲಿ, ಕಲ್ಲುಮಣ್ಣಿನ ಪಾಠ ಹೇಳುವವರೊಬ್ಬರು ಇಂಥ ಹಾಡು ಕಟ್ಟಿದರೆಂಬುದು ಅಚ್ಚರಿಯ ಮಾತಾಗಿತ್ತು. ಅನಂತಸ್ವಾಮಿಯವರ ದೊಡ್ಡತನ ನನಗೆ ಕಾಣುವುದು ಅವರು ಬಿಟ್ಟುಕೊಟ್ಟದ್ದರಲ್ಲಿ. ರಾಗವನ್ನು ಬೆಳೆಸುವ ಶಕ್ತಿಯಿದ್ದೂ ಅವರು ಪದಕ್ಕೆ ಎಡೆಗೊಟ್ಟು ಹಿಂದೆ ಸರಿದು ನಿಂತರು. ಅವರ ಹಾಡಿಕೆಯಲ್ಲಿ ಒತ್ತಕ್ಷರವೊಂದು ನಲುಗುವುದಿಲ್ಲ. ಅರ್ಥ ಮುಗಿಯದೆ ಉಸಿರು ಮುಗಿಯುವುದಿಲ್ಲ.

ಎರಡನೆಯದು ಶಿಶುನಾಳ ಷರೀಫರ ಗೀತೆಗಳು. ಷರೀಫರು 1819ರಿಂದ 1889ರವರೆಗೆ ಬಾಳಿದವರು, ಗೋವಿಂದಭಟ್ಟರ ಶಿಷ್ಯರು. ಅವರ ತತ್ವಪದಗಳು ಉತ್ತರ ಕರ್ನಾಟಕದ ಭಜನೆಯ ಮೇಳಗಳಲ್ಲಿ ಜೀವಂತವಾಗಿದ್ದವು. ನಮ್ಮ ಕಡೆಯವರಿಗೆ ಅವನ್ನು ಮನೆಮಾತಾಗಿಸಿದವರು ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ. ಅಶ್ವತ್ಥರೂ ಬಾಸ್ಟನ್ನಿನ ಆ ಎಂಜಿನಿಯರನಂತೆ ಕಾರ್ಖಾನೆಯ ಸಂಬಳದವರೇ, ಬೆಂಗಳೂರಿನ ಐ.ಟಿ.ಐ. ದೂರವಾಣಿ ಕಾರ್ಖಾನೆಯಲ್ಲಿ ಬಹುಕಾಲ ಉದ್ಯೋಗದಲ್ಲಿದ್ದರು. ಅವರ ಕಂಠದಲ್ಲಿ ನಯಕ್ಕಿಂತ ಕೆಚ್ಚು ಹೆಚ್ಚು. ಒಗಟಿನಂಥ ಆ ಪದಗಳನ್ನು ಅವರು ಸಭ್ಯಗೊಳಿಸಲು ಹೋಗಲಿಲ್ಲ. ಆಡುಮಾತಿನ ಒರಟನ್ನು ಹಾಗೆಯೇ ಉಳಿಸಿದರು. 1990ರಲ್ಲಿ 'ಸಂತ ಶಿಶುನಾಳ ಷರೀಫ' ಚಿತ್ರಕ್ಕೂ ಅವರದೇ ಸಂಗೀತ.

ಮೂರನೆಯದು ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'. ಇದಕ್ಕೂ ಸಂಗೀತ ಅಶ್ವತ್ಥರದು. ಇಲ್ಲಿ ನನ್ನ ತಾಯಿಯ ವಿಷಯ ಹೇಳದೆ ಗತಿಯಿಲ್ಲ. ಅವಳಿಗೆ ಅಕ್ಷರ ಬಾರದು. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿಗಳನ್ನು ಇಳಿಸಿ ಸುಲಿಸುವ ದಿನಗಳಲ್ಲಿ, ಕೊಬ್ಬರಿಯನ್ನು ಬೇರ್ಪಡಿಸುತ್ತ ಕೂತವಳು ಅಣ್ಣನ ಟೇಪ್ ರೆಕಾರ್ಡರಿನಲ್ಲಿ ಈ ಸುರುಳಿಯನ್ನು ಕೇಳುತ್ತಿದ್ದಳು. ಒಂದು ದಿನ ಕೈ ನಿಲ್ಲಿಸಿ, "ಇದನ್ನ ಬರ್ದೋರು ಯಾರಪ್ಪ? ನಮ್ ಕಡೆಯೋರೇ ಇರ್ಬೇಕು" ಎಂದಳು. ಕವಿಗಳ ಊರು ಕಿಕ್ಕೇರಿ, ನಮಗೆ ಬಹಳ ದೂರವೇನಲ್ಲ ಎಂದೆ. "ಅದಕ್ಕೇ ಮತ್ತೆ" ಎಂದು ತಿರುಗಿ ಕೆಲಸಕ್ಕೆ ಕೈಹಾಕಿದಳು. 1942ರಲ್ಲಿ ಅಚ್ಚಾದ ಪುಸ್ತಕ ಅವಳನ್ನು ಮುಟ್ಟಲು ನಾಲ್ಕು ದಶಕ ಹಿಡಿದಿತ್ತು. ಮುಂದೆ ಈ ಕವಿತೆಗಳ ಮೇಲೆ ಚಿತ್ರವೇ ಬಂದು, 1991ನೆಯ ಸಾಲಿನ ಗೀತರಚನೆಯ ರಾಷ್ಟ್ರಪ್ರಶಸ್ತಿಯೂ ನರಸಿಂಹಸ್ವಾಮಿಯವರಿಗೆ ದೊರೆಯಿತು.

ಇಷ್ಟು ಹೇಳಿ ಮುಗಿಸಿದರೆ ಅದು ಬರಿಯ ಹೊಗಳಿಕೆಯಾದೀತು. ಹಾಡು ಕವಿತೆಯನ್ನು ಕೆಡಿಸುತ್ತದೆ, ರಾಗದ ಮತ್ತಿನಲ್ಲಿ ಅರ್ಥ ಮಂಕಾಗುತ್ತದೆ ಎಂಬ ಆಕ್ಷೇಪ ಹಳೆಯದು. ನಾನು ಅದನ್ನು ಬಹಳ ದಿನ ಒಪ್ಪಿರಲಿಲ್ಲ. ಒಮ್ಮೆ ರಜೆಗೆ ಬಂದಾಗ, ಅವ್ವನಿಗೆ ಅತ್ಯಂತ ಪ್ರಿಯವಾದ ಕವಿತೆಯೊಂದನ್ನು ಪುಸ್ತಕದಿಂದ ಪೂರ್ತಿ ಓದಿ ಹೇಳಿದೆ. ಸುರುಳಿಯಲ್ಲಿ ಹಾಡದೆ ಬಿಟ್ಟಿದ್ದ ನುಡಿಗಳು ಬಂದಾಗ ಅವಳು ನನ್ನನ್ನು ತಡೆದು, "ಇದು ಆ ಹಾಡಲ್ಲ ಕಣಪ್ಪ, ನೀನು ಬೇರೆ ಎಲ್ಲಿಂದಲೋ ಸೇರಿಸ್ತಿದೀಯ" ಎಂದಳು. ಎಷ್ಟು ಹೇಳಿದರೂ ನಂಬಲಿಲ್ಲ. ಅವಳಿಗೆ ಕವಿಯನ್ನು ಕೊಟ್ಟ ಸುರುಳಿಯೇ ಕವಿಯ ಅರ್ಧ ಮಾತನ್ನು ಅವಳಿಂದ ಮರೆಮಾಡಿತ್ತು. ಆ ದಿನ ನಾನು ಸೋತೆ. ಆಕ್ಷೇಪದಲ್ಲಿ ನಿಜವಿದೆಯೆಂದು ಒಪ್ಪಿಕೊಂಡೆ.

ಈ ಕೊಡುಕೊಳ್ಳುವಿಕೆ ಇಂದಿಗೂ ಮುಗಿದಿಲ್ಲ. ಕುವೆಂಪು ಅವರ ಕವಿತೆಯನ್ನು ಸರ್ಕಾರ 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಅನಂತಸ್ವಾಮಿಯವರ ಧಾಟಿಯೂ 2 ನಿಮಿಷ 30 ಸೆಕೆಂಡುಗಳ ಅವಧಿಯೂ ನಿಗದಿಯಾದವು. ಅನಂತಸ್ವಾಮಿಯವರು ತೀರಿಕೊಂಡು ಆಗಲೇ 27 ವರ್ಷವಾಗಿತ್ತು. ಒಂದು ಧಾಟಿಗಾಗಿ ನಾಡು ಇಷ್ಟು ವಾದಿಸುವುದಾದರೆ, ಅದು ಜನರ ಉಸಿರಿನಲ್ಲಿ ಸೇರಿದೆಯೆಂದೇ ಅರ್ಥ.

ಹಾಗಾದರೆ ಈ ಸುರುಳಿಗಳು ಉಳಿದದ್ದೇಕೆ? ನನಗೆ ತೋರುವ ಉತ್ತರ ಇಷ್ಟು. ಅವುಗಳ ವಾದ್ಯಮೇಳ ಇಂದಿನ ಕಿವಿಗೆ ಹಳತಾಗಿ ಕೇಳಿಸಬಹುದು. ಆದರೆ ಮಾತು ಮೊದಲು, ಸ್ವರ ಆಮೇಲೆ ಎಂಬ ನಿಯಮವನ್ನು ಅವು ಎಲ್ಲಿಯೂ ಮುರಿಯಲಿಲ್ಲ. ಹಾಡಿದಷ್ಟು ನುಡಿಗಳನ್ನು ನಿಚ್ಚಳವಾಗಿ ಹಾಡಿದರು. ಹಾಗೆ ಹಾಡಿದ್ದರಿಂದಲೇ, ಅಕ್ಷರ ಬಾರದ ಹೆಂಗಸೊಬ್ಬಳು ತನಗೆ ತಿಳಿದ ಕವಿತೆ ಇಷ್ಟು ಎಂದು ಓದಿದ ಮಗನೊಡನೆ ಜಗಳವಾಡಬಲ್ಲವಳಾದಳು.

ಅವ್ವ ಈಗಿಲ್ಲ. ಆ ಸುರುಳಿಯ ಕಂದು ಪಟ್ಟಿ ಯಂತ್ರದಲ್ಲಿ ಸಿಕ್ಕಿ ಎರಡು ಕಡೆ ಸುಕ್ಕಾಗಿದೆ. ಪೆನ್ಸಿಲು ತೂರಿಸಿ ಸುತ್ತಿಟ್ಟಿದ್ದೇನೆ. ಹಾಡು ಬೇಕೆಂದರೆ ಮೊಮ್ಮಗಳ ಫೋನಿನಲ್ಲಿ ಸಿಗುತ್ತದೆ. ಅದು ಮುಗಿದ ಮೇಲೆ ನಾನು ಪುಸ್ತಕ ತೆಗೆದು, ಹಾಡದೆ ಬಿಟ್ಟ ನುಡಿಗಳನ್ನು ಅವಳಿಗೆ ಓದಿ ಹೇಳುತ್ತೇನೆ.