ಮೈಸೂರಿನ ಬಾಣವೂ ವಿಮಾನದ ಆಯುಧವೂ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ೬೧೫ ಎಕರೆ ವಿಸ್ತಾರದ ಹೆಲಿಕಾಪ್ಟರು ಕಾರ್ಖಾನೆಯೊಂದು ನಿಂತಿದೆ. ೨೦೧೬ನೆಯ ಇಸವಿ ಜನವರಿ ೩ನೆಯ ತಾರೀಖು ಅದಕ್ಕೆ ಶಂಕುಸ್ಥಾಪನೆಯಾಯಿತು. ೨೦೨೩ನೆಯ ಇಸವಿ ಫೆಬ್ರವರಿ ೬ನೆಯ ತಾರೀಖು ಪ್ರಾರಂಭೋತ್ಸವವು ನೆರವೇರಿತು. ಹಿಂದುಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ನಿರ್ಮಿಸಿದ ‘ಪ್ರಚಂಡ’ವೆಂಬ ಯುದ್ಧದ ಹೆಲಿಕಾಪ್ಟರಿನ ಮೂತಿಯಲ್ಲಿ ೨೦ ಮಿಲಿಮೀಟರಿನ ಫಿರಂಗಿಯೂ, ಅದರ ಪಕ್ಕಗಳಲ್ಲಿ ೭೦ ಮಿಲಿಮೀಟರಿನ ರಾಕೆಟ್ಟುಗಳೂ ಇರುವುವು. ಇಂತಹ ೧೫೬ ಯಂತ್ರಗಳಿಗಾಗಿ ೨೦೨೫ನೆಯ ಇಸವಿ ಮಾರ್ಚಿಯಲ್ಲಿ ಒಪ್ಪಂದವಾದಾಗ, ಅವುಗಳ ನಿರ್ಮಾಣದಲ್ಲಿ ತುಮಕೂರಿನ ಕಾರ್ಖಾನೆಗೂ ಪಾಲು ದೊರೆಯುವುದೆಂದು ಪ್ರಕಟವಾಯಿತು.

ಪತ್ರಿಕೆಗಳಲ್ಲಿ ಇದನ್ನು ಓದಿದವರು, ಆಕಾಶದ ಆಯುಧವು ನಮ್ಮ ಸೀಮೆಗೆ ಹೊಸದಾಗಿ ಬಂದಿತೆಂದು ಭಾವಿಸುವುದು ಸಹಜವೇ ಸರಿ. ಮತ್ತೆ ಕೆಲವರು, ಇದೆಲ್ಲವೂ ನಮ್ಮ ಟಿಪ್ಪು ಸುಲ್ತಾನನ ಕಾಲದಲ್ಲಿಯೇ ಇದ್ದಿತೆಂದು ಹೇಳಿ ಮೀಸೆ ತಿರುವುವರು. ಈ ಎರಡು ಮಾತುಗಳಲ್ಲಿ ನಿಜವೆಷ್ಟು, ಅತಿಶಯವೆಷ್ಟು ಎಂಬುದನ್ನು ಇಂದು ನಾವು ಸ್ವಲ್ಪ ತೂಗಿ ನೋಡೋಣ. ಈ ವಿಚಾರದಲ್ಲಿ ನಮ್ಮ ಪೂರ್ವಿಕರಿಗೆ ಸಲ್ಲಬೇಕಾದ ಗೌರವವೂ, ನಾವು ಕಲಿಯಬೇಕಾದ ಪಾಠವೂ ಅಡಗಿವೆ.

ಮೊದಲು ಈ ನೆಲದ ಮಾತು. ‘ಕಾವಲ್’ ಎಂಬ ಮಾತೇ ಹುಲ್ಲುಗಾವಲನ್ನು ನೆನಪಿಗೆ ತರುವುದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಆ ತಳಿಯ ಎತ್ತುಗಳನ್ನು ಮೇಯಿಸಲು ಮೈಸೂರು ದೇಶದ ಅನೇಕ ಕಡೆಗಳಲ್ಲಿ ಕಾವಲುಗಳಿದ್ದುವು. ಹೈದರಾಲಿಯ ಫಿರಂಗಿಗಳು ಶತ್ರುಗಳು ಬೆರಗಾಗುವಷ್ಟು ವೇಗದಿಂದ ಸಾಗುತ್ತಿದ್ದುದಕ್ಕೆ ಈ ಎತ್ತುಗಳೇ ಕಾರಣ. ಕುಣಿಗಲಿನಲ್ಲಿ ಕುದುರೆಗಳ ಫಾರಂ ಇದೆ. ಅದರ ಮೂಲವೂ ಟಿಪ್ಪುವಿನ ಅಶ್ವಸೈನ್ಯದಲ್ಲಿಯೇ. ಇನ್ನು ಕಬ್ಬಿಣದ ಮಾತು. ಶ್ರೀರಂಗಪಟ್ಟಣವು ಬಿದ್ದ ಮರು ವರ್ಷ, ಎಂದರೆ ೧೮೦೦ರಲ್ಲಿ, ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬಾತನು ಕಂಪೆನಿಯ ಅಪ್ಪಣೆಯಂತೆ ನಮ್ಮ ನಾಡಿನಲ್ಲೆಲ್ಲಾ ಸಂಚರಿಸಿದನು. ಗುಬ್ಬಿಯ ಸಂತೆ, ಅಲ್ಲಿಯ ಅಡಕೆಯ ವ್ಯಾಪಾರ, ಈ ಸೀಮೆಯ ಗುಡ್ಡಗಳ ಕಬ್ಬಿಣದ ಅದಿರು, ಹಳ್ಳಿಯವರು ಇದ್ದಲಿನ ಒಲೆಯಲ್ಲಿ ತಿದಿಯೊತ್ತಿ ಅದನ್ನು ಕರಗಿಸುತ್ತಿದ್ದ ವಿಧಾನ, ಇವೆಲ್ಲವನ್ನೂ ಆತನು ಕುತೂಹಲದಿಂದ ಬರೆದಿಟ್ಟನು. ಹೀಗೆ ಎತ್ತು, ಕುದುರೆ, ಕಬ್ಬಿಣ ಎಂಬ ಮೂರೂ ಈ ಸೀಮೆಯಲ್ಲಿದ್ದುವು. ಹದಿನೆಂಟನೆಯ ಶತಮಾನದ ಸೈನ್ಯಕ್ಕೆ ಇವಕ್ಕಿಂತ ಮುಖ್ಯವಾದ ಪದಾರ್ಥಗಳು ಹೆಚ್ಚಿರಲಿಲ್ಲ.

ಬಾಣವನ್ನು ಮೈಸೂರಿನವರೇ ಮೊದಲು ಕಂಡುಹಿಡಿದರೆಂದು ಹೇಳಿದರೆ ಅದು ಸರಿಯಾಗದು. ಮದ್ದು ತುಂಬಿದ ಬಾಣಗಳು ಚೀನಾ ದೇಶದಲ್ಲಿ ಅನೇಕ ಶತಮಾನಗಳ ಹಿಂದೆಯೇ ಇದ್ದುವು. ಮೊಗಲರ ಸೈನ್ಯಗಳಲ್ಲಿಯೂ ಇದ್ದುವು. ಆದರೆ ಅವುಗಳ ಕೊಳವೆಯು ಕಾಗದದ್ದೋ ಬಿದಿರಿನದೋ ಆಗಿರುತ್ತಿದ್ದಿತು. ಮದ್ದು ಉರಿಯುವಾಗ ಹುಟ್ಟುವ ಅನಿಲವು ಹಿಂದುಗಡೆಯ ರಂಧ್ರದಿಂದ ನುಗ್ಗಿ ಬರುವುದರಿಂದ ಬಾಣವು ಮುಂದಕ್ಕೆ ಹಾರುವುದು. ಕೊಳವೆಯೊಳಗಿನ ಒತ್ತಡವು ಹೆಚ್ಚಿದಷ್ಟೂ ವೇಗವು ಹೆಚ್ಚು. ಕಾಗದದ ಕೊಳವೆಯಾದರೋ ಹೆಚ್ಚು ಒತ್ತಡವನ್ನು ತಾಳಲಾರದೆ ಒಡೆದುಹೋಗುವುದು. ಮೈಸೂರಿನ ಕುಶಲಿಗಳು ಮಾಡಿದ ಹೊಸ ಕೆಲಸವಾವುದೆಂದರೆ, ಮೆತು ಕಬ್ಬಿಣವನ್ನು ಬಡಿದು ಕೊಳವೆ ಮಾಡಿ, ಅದರಲ್ಲಿ ಮದ್ದನ್ನು ಗಿಡಿದು ತುಂಬಿದುದು. ಕೊಳವೆಯ ಉದ್ದವು ಸುಮಾರು ೮ ಅಂಗುಲ, ವ್ಯಾಸವು ಒಂದೂವರೆಯಿಂದ ಮೂರು ಅಂಗುಲ. ಅದಕ್ಕೆ ಸುಮಾರು ನಾಲ್ಕು ಅಡಿಯ ಬಿದಿರಿನ ಗಳುವನ್ನು ಕಟ್ಟುತ್ತಿದ್ದರು. ಕೆಲವಕ್ಕೆ ಕತ್ತಿಯ ಅಲಗನ್ನೇ ಬಿಗಿಯುತ್ತಿದ್ದರು. ಇಂತಹ ಬಾಣವು ಒಂದು ಸಾವಿರ ಗಜದ ದೂರವನ್ನು ಮುಟ್ಟುತ್ತಿದ್ದಿತು. ಆ ಕಾಲದಲ್ಲಿ ಯೂರೋಪಿನ ಯಾವ ಸೈನ್ಯದಲ್ಲಿಯೂ ಇದಕ್ಕೆ ಸಮನಾದ ಬಾಣವಿರಲಿಲ್ಲ.

ಹೈದರಾಲಿಯ ಕಾಲದಲ್ಲಿ ೧,೨೦೦ ಮಂದಿಯಿದ್ದ ಬಾಣಗಾರರ ದಳವು ಟಿಪ್ಪುವಿನ ಕಾಲದಲ್ಲಿ ೫,೦೦೦ಕ್ಕೆ ಏರಿತೆಂದು ಹೇಳುವರು. ಒಂದೊಂದು ಕುಷೂನಿಗೆ, ಎಂದರೆ ಸೈನ್ಯದ ಒಂದೊಂದು ದೊಡ್ಡ ವಿಭಾಗಕ್ಕೆ, ೨೦೦ ಮಂದಿ ಬಾಣಗಾರರಿದ್ದರು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಈ ಬಾಣದ ಕಸಬಿನ ಗುರುತಾಗಿ ಇಂದಿಗೂ ಉಳಿದಿದೆ. ೧೭೮೦ನೆಯ ಇಸವಿ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯವು ಮುರಿದುಬಿದ್ದಾಗ, ಅವನ ಮದ್ದಿನ ಬಂಡಿಗಳು ಸಿಡಿದುದೇ ಆ ಅನರ್ಥಕ್ಕೆ ಮುಖ್ಯ ಕಾರಣವಾಯಿತು. ಅವುಗಳಿಗೆ ಕಿಡಿ ತಗುಲಿಸಿದುದು ಮೈಸೂರಿನ ಬಾಣವೆಂದು ಅನೇಕರ ಅಭಿಪ್ರಾಯ. ೧೭೯೯ನೆಯ ಇಸವಿ ಏಪ್ರಿಲ್ ೫ರ ರಾತ್ರಿ ಶ್ರೀರಂಗಪಟ್ಟಣದ ಸಮೀಪದ ಸುಲ್ತಾನಪೇಟೆಯ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಬಾಣಗಳ ಮತ್ತು ಬಂದೂಕುಗಳ ಸುರಿಮಳೆಗೆ ಸಿಕ್ಕಿ, ಕತ್ತಲೆಯಲ್ಲಿ ದಾರಿತಪ್ಪಿ ಹಿಂದಿರುಗಬೇಕಾಯಿತು. ಮುಂದೆ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ನಿನ ಡ್ಯೂಕನಾದವನು ಈತನೇ.

ಆದರೆ ಒಂದು ತಿಂಗಳೊಳಗಾಗಿ, ಮೇ ೪ರಂದು, ಪಟ್ಟಣವು ಬಿದ್ದಿತು. ಗೆದ್ದವರಿಗೆ ಒಳಗೆ ಸಿಕ್ಕಿದುವು ೬೦೦ ಬಾಣದ ತೋಪುಗಳು, ೭೦೦ ಸಿದ್ಧವಾದ ಬಾಣಗಳು, ೯,೦೦೦ ಬರಿಯ ಕೊಳವೆಗಳು ಎಂದು ಲೆಕ್ಕವಿದೆ. ಅವುಗಳಲ್ಲಿ ಕೆಲವು ಹಡಗು ಹತ್ತಿ ಇಂಗ್ಲೆಂಡಿನ ವೂಲಿಚ್ ಆಯುಧಶಾಲೆಗೆ ಹೋದುವು. ನಮ್ಮಲ್ಲಿ ಉಳಿದುವು ಮಣ್ಣುಪಾಲಾದುವು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ೨೦೧೮ರಲ್ಲಿ ಪ್ರಾಕ್ತನಶಾಸ್ತ್ರದ ಇಲಾಖೆಯವರು ಒಂದು ಹಾಳುಬಾವಿಯ ಹೂಳನ್ನು ತೆಗೆದಾಗ ಸಾವಿರಕ್ಕೂ ಹೆಚ್ಚು ಬಾಣಗಳು ದೊರೆತುವು. ಎರಡು ಶತಮಾನಗಳ ಕಾಲ ಅವು ಕೆಸರಿನಲ್ಲಿ ಮಲಗಿದ್ದುವು.

ವೂಲಿಚ್ಚಿನಲ್ಲಿ ಆದುದೇ ಬೇರೆ. ವಿಲಿಯಂ ಕಾಂಗ್ರೀವ್ ಎಂಬಾತನು ೧೮೦೪ರಿಂದ ಮೊದಲುಗೊಂಡು ಬಾಣಗಳ ಪರೀಕ್ಷೆಯನ್ನು ಕೈಗೊಂಡನು. ಒಂದು ಮದ್ದಿಗೂ ಇನ್ನೊಂದು ಮದ್ದಿಗೂ ಇರುವ ವ್ಯತ್ಯಾಸವೇನು, ಗಳುವು ಎಷ್ಟು ಉದ್ದವಿರಬೇಕು, ಎಷ್ಟು ಭಾರದ ಬಾಣವು ಯಾವ ಕೋನದಲ್ಲಿ ಎಷ್ಟು ದೂರ ಹೋಗುವುದು ಎಂಬುದನ್ನು ಮತ್ತೆ ಮತ್ತೆ ಹಾರಿಸಿ, ಅಳೆದು, ಪಟ್ಟಿಮಾಡಿ ಅಚ್ಚುಹಾಕಿಸಿದನು. ೧೮೦೬ರಲ್ಲಿ ಬೂಲೋನಿನ ಮೇಲೆಯೂ, ೧೮೦೭ರಲ್ಲಿ ಕೋಪನ್‌ಹೇಗನ್ನಿನ ಮೇಲೆಯೂ ಆ ಬಾಣಗಳು ಬೆಂಕಿಯನ್ನು ಸುರಿದುವು. ೧೮೪೪ರಲ್ಲಿ ವಿಲಿಯಂ ಹೇಲ್ ಎಂಬಾತನು ಹೊರಬರುವ ಅನಿಲದಿಂದಲೇ ಬಾಣವು ಬುಗುರಿಯಂತೆ ತಿರುಗುವ ಹಾಗೆ ಮಾಡಿ, ಗಳುವಿನ ಅವಶ್ಯಕತೆಯನ್ನೇ ತಪ್ಪಿಸಿದನು. ಬೆಂಗಳೂರಿನ ವಿಜ್ಞಾನಿಗಳಾದ ರೊದ್ದಂ ನರಸಿಂಹ ಅವರು ೧೯೮೫ರಲ್ಲಿ ಮೈಸೂರಿನ ಮತ್ತು ಬ್ರಿಟನ್ನಿನ ಬಾಣಗಳ ಚರಿತ್ರೆಯನ್ನು ಹೋಲಿಸಿ ಬರೆದರು. ನಮ್ಮ ಕುಶಲಿಗಳ ಕೈಚಳಕವನ್ನು ಮನಃಪೂರ್ವಕವಾಗಿ ಮೆಚ್ಚಿದ ಅವರು, ಅಳತೆ, ಪರೀಕ್ಷೆ, ಬರಹಗಳ ಕ್ರಮವು ಬ್ರಿಟನ್ನಿಗೆ ಮೇಲುಗೈಯನ್ನು ಕೊಟ್ಟಿತೆಂಬುದನ್ನೂ ಮರೆಮಾಚಲಿಲ್ಲ.

ಇನ್ನು ಆಕಾಶಕ್ಕೆ ಬರೋಣ. ಯುದ್ಧದಲ್ಲಿ ವಿಮಾನದಿಂದ ಬಾಂಬು ಎಸೆದವರಲ್ಲಿ ಮೊದಲಿಗನು ಇಟಲಿಯ ಲೆಫ್ಟಿನೆಂಟ್ ಜೂಲಿಯೋ ಗವೊತ್ತಿ. ೧೯೧೧ನೆಯ ಇಸವಿ ನವೆಂಬರ್ ೧ರಂದು ಟ್ರಿಪೋಲಿಯ ಸಮೀಪದಲ್ಲಿ ಅವನು ಒಂದು ಕೈಯಲ್ಲಿ ವಿಮಾನವನ್ನು ನಡೆಸುತ್ತ, ಇನ್ನೊಂದು ಕೈಯಿಂದ ನಾಲ್ಕು ಸಣ್ಣ ಬಾಂಬುಗಳನ್ನು ಕೆಳಕ್ಕೆ ಎಸೆದನು. ೧೯೧೪ರಲ್ಲಿ ಮಹಾಯುದ್ಧವು ಹತ್ತಿದಾಗ ವಿಮಾನಗಳಿಗೆ ತಮ್ಮದೇ ಆದ ಆಯುಧವಿರಲಿಲ್ಲ. ಹಾರಾಡುವವರು ಪಿಸ್ತೂಲು, ಬಂದೂಕುಗಳನ್ನು ಹಿಡಿದು ಹೋಗುವರು. ಉಕ್ಕಿನ ಮೊನೆಗಳನ್ನು ಸೈನಿಕರ ತಲೆಯ ಮೇಲೆ ಸುರಿಯುವರು. ಮೆಷಿನ್ ಗನ್ನನ್ನು ಮೂತಿಯ ಮೇಲಿಟ್ಟು ನೇರವಾಗಿ ಗುರಿಹಿಡಿಯೋಣವೆಂದರೆ, ಎದುರಿಗೆ ತಿರುಗುವ ರೆಕ್ಕೆಯೇ ತುಂಡಾಗುವುದು. ಫ್ರಾನ್ಸಿನ ರೋಲಾಂ ಗಾರೋಸನು ಆ ರೆಕ್ಕೆಗೆ ಉಕ್ಕಿನ ಬೆಣೆಗಳನ್ನು ಬಿಗಿದು, ತಗುಲಿದ ಗುಂಡುಗಳು ಪಕ್ಕಕ್ಕೆ ಜಾರುವಂತೆ ಮಾಡಿ, ೧೯೧೫ನೆಯ ಏಪ್ರಿಲ್ ೧ರಂದು ಮೊದಲ ಜಯವನ್ನು ಪಡೆದನು. ಅದೇ ತಿಂಗಳು ಅವನೂ ಅವನ ವಿಮಾನವೂ ಜರ್ಮನರ ಕೈಸೇರಿದುವು. ಜರ್ಮನಿಯಲ್ಲಿದ್ದ ಡಚ್ಚರವನಾದ ಆಂಟನಿ ಫೊಕ್ಕರನ ಕಾರ್ಖಾನೆಯವರು ಕೆಲವು ವಾರಗಳಲ್ಲಿಯೇ ಇನ್ನೂ ಉತ್ತಮವಾದ ಉಪಾಯವನ್ನು ತಂದರು. ರೆಕ್ಕೆಯು ಅಡ್ಡವಿಲ್ಲದಾಗ ಮಾತ್ರ ಗುಂಡು ಹಾರುವಂತೆ, ಯಂತ್ರದ ತಿರುಗಣಿಯೇ ಬಂದೂಕಿನ ಕೀಲನ್ನು ನಡೆಸುವುದು. ಇದೇ ಬಗೆಯ ಉಪಾಯಕ್ಕೆ ಫ್ರಾಂಟ್ಸ್ ಶ್ನೈಡರ್ ಎಂಬಾತನು ೧೯೧೩ರಲ್ಲಿಯೇ ಪೇಟೆಂಟು ಪಡೆದಿದ್ದನು. ಆಲೋಚನೆ ಒಬ್ಬನದು, ಸಿದ್ಧಿ ಇನ್ನೊಬ್ಬನದು. ಆಯುಧಗಳ ಚರಿತ್ರೆಯಲ್ಲಿ ಇಂತಹುದು ಅಪೂರ್ವವಲ್ಲ.

ನಮ್ಮ ಬಾಣದ ಕಥೆಯು ಆಕಾಶದ ಕಥೆಯೊಡನೆ ಕೂಡುವುದು ೧೯೧೬ರಲ್ಲಿ. ಜರ್ಮನರು ಹಗ್ಗ ಕಟ್ಟಿದ ದೊಡ್ಡ ಬಲೂನುಗಳನ್ನು ಮೇಲಕ್ಕೆ ಬಿಟ್ಟು, ಅಲ್ಲಿಂದ ಫಿರಂಗಿಗಳಿಗೆ ಗುರಿಯನ್ನು ಸೂಚಿಸುತ್ತಿದ್ದರು. ಸಾಧಾರಣ ಗುಂಡುಗಳು ಬಲೂನಿನಲ್ಲಿ ತೂತು ಮಾಡುತ್ತಿದ್ದುವೇ ಹೊರತು ಬೆಂಕಿ ಹಚ್ಚುತ್ತಿರಲಿಲ್ಲ. ಆಗ ಫ್ರಾನ್ಸಿನ ನೌಕಾಧಿಕಾರಿಯಾದ ಈವ್ ಲ ಪ್ರಿಯರನು ವಿಮಾನದ ರೆಕ್ಕೆಗಳ ನಡುವಣ ಕಂಬಗಳಿಗೆ ಕೊಳವೆಗಳನ್ನು ಕಟ್ಟಿ, ಅವುಗಳಲ್ಲಿ ಬಾಣಗಳನ್ನಿಟ್ಟು, ವಿದ್ಯುತ್ತಿನಿಂದ ಹೊತ್ತಿಸುವ ಏರ್ಪಾಡನ್ನು ಮಾಡಿದನು. ೧೯೧೬ನೆಯ ಮೇ ೨೨ರಂದು ವೆರ್ಡನ್ನಿನ ರಣರಂಗದಲ್ಲಿ ನ್ಯೂಪೋರ್ ವಿಮಾನಗಳು ಈ ಬಾಣಗಳಿಂದ ಬಲೂನುಗಳನ್ನು ಸುಟ್ಟುಕೆಡವಿದುವು. ಈ ಬಾಣದ ರೂಪವನ್ನು ಶ್ರೋತೃಗಳು ಗಮನಿಸಬೇಕು: ಕಾಗದದ ರಟ್ಟಿನ ಕೊಳವೆ, ಅದರಲ್ಲಿ ಕರಿಯ ಮದ್ದು, ಹಿಂದೆ ಉದ್ದನೆಯ ಮರದ ಗಳು, ಮುಂದೆ ಬಲೂನಿನ ಬಟ್ಟೆಯನ್ನು ಸೀಳುವುದಕ್ಕೆ ಚೂರಿಯಂತಹ ಅಲಗು. ಶ್ರೀರಂಗಪಟ್ಟಣದ ಬಾಣಗಾರನೊಬ್ಬನು ಅದನ್ನು ಕಂಡಿದ್ದರೆ ತನ್ನ ಬಾಣದ ನಂಟನೆಂದು ಕೂಡಲೇ ಗುರುತಿಸುತ್ತಿದ್ದನು; ಕೊಳವೆಯು ಮಾತ್ರ ಕಬ್ಬಿಣದ್ದಲ್ಲವೆಂದು ಹುಬ್ಬುಗಂಟಿಕ್ಕುತ್ತಿದ್ದನು.

ಆ ಬಾಣಕ್ಕಾದರೂ ನೂರಿಪ್ಪತ್ತು ಗಜಕ್ಕಿಂತ ಹೆಚ್ಚು ದೂರದಲ್ಲಿ ಗುರಿಯು ನಿಲ್ಲುತ್ತಿರಲಿಲ್ಲ. ಹಾರಾಡುವವನು ಬಲೂನಿನ ಮೇಲೆಯೇ ಬೀಳುವಂತೆ ಎರಗಿ, ಕೊನೆಯ ಕ್ಷಣದಲ್ಲಿ ತಿರುಗಬೇಕಾಗಿದ್ದಿತು. ಬೆಂಕಿ ಹಚ್ಚುವ ಹೊಸ ಗುಂಡುಗಳು ಬಂದಮೇಲೆ ಅದು ಮೂಲೆಗೆ ಸೇರಿತು. ಬಾಣವು ಮತ್ತೆ ವಿಮಾನಕ್ಕೆ ಮರಳಿದುದು ೧೯೩೯ರಲ್ಲಿ. ಖಾಲ್ಖಿನ್ ಗೋಲಿನ ಯುದ್ಧದಲ್ಲಿ ರಷ್ಯದ ವಿಮಾನಗಳು ೮೨ ಮಿಲಿಮೀಟರಿನ ರಾಕೆಟ್ಟುಗಳನ್ನು ಜಪಾನೀಯರ ವಿಮಾನಗಳ ಮೇಲೆ ಹಾರಿಸಿದುವು. ಗಳುವಿನ ಸ್ಥಾನದಲ್ಲಿ ಈಗ ಬಾಲದ ರೆಕ್ಕೆಗಳು ಬಂದಿದ್ದುವು. ಇಂದಿನ ಹೆಲಿಕಾಪ್ಟರಿನ ೭೦ ಮಿಲಿಮೀಟರೆಂದರೆ ಎರಡೂ ಮುಕ್ಕಾಲು ಅಂಗುಲ. ಮೈಸೂರಿನ ಕೊಳವೆಗಳ ಅಳತೆಯೂ ಅದರ ಆಸುಪಾಸಿನದೇ.

ಇತ್ತ ನಮ್ಮ ನಾಡು ಈ ಹೊಸ ವಿದ್ಯೆಗೆ ಯಾವಾಗ ಕೈಯಿಟ್ಟಿತು? ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣದ ಮೇಲೆ ಮೈಸೂರು ಲ್ಯಾನ್ಸರ್ಸ್ ದಳದವರು ಭರ್ಜಿ ಹಿಡಿದು ಕುದುರೆಯೇರಿ ನುಗ್ಗಿ ಕೀರ್ತಿಯನ್ನು ಪಡೆದರು. ಅದಕ್ಕೆ ಎರಡು ದಿನ ಮುಂಚೆ, ಅದೇ ದಂಡಯಾತ್ರೆಯಲ್ಲಿ, ನಾಬ್ಲಸ್ಸಿನ ಕಣಿವೆಯಲ್ಲಿ ಹಿಮ್ಮೆಟ್ಟುತ್ತಿದ್ದ ತುರ್ಕಿಯ ಸೈನ್ಯವನ್ನು ಬ್ರಿಟಿಷರ ವಿಮಾನಗಳು ಬಾಂಬುಗಳಿಂದ ಧ್ವಂಸಮಾಡಿದ್ದುವು. ಒಂದೇ ವಾರದಲ್ಲಿ ಹಳೆಯ ಯುದ್ಧವೂ ಹೊಸ ಯುದ್ಧವೂ ಅಕ್ಕಪಕ್ಕದಲ್ಲಿ ನಿಂತಂತಾಯಿತು. ನಮ್ಮವರ ಶೌರ್ಯಕ್ಕೆ ಕೊರತೆಯಿರಲಿಲ್ಲ. ಯಂತ್ರವು ಮಾತ್ರ ಪರರದಾಗಿದ್ದಿತು. ಆ ಕೊರತೆಯು ತೀರುವುದಕ್ಕೆ ಮೊದಲಾದುದು ೧೯೪೦ನೆಯ ಇಸವಿ ಡಿಸೆಂಬರ್ ೨೩ರಂದು, ವಾಲ್‌ಚಂದ್ ಹೀರಾಚಂದರ ಉದ್ಯಮದಿಂದಲೂ, ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ದೂರದೃಷ್ಟಿಯಿಂದಲೂ, ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯು ಸ್ಥಾಪಿತವಾದಾಗ. ಮೈಸೂರು ಸರ್ಕಾರವು ನೆಲವನ್ನು ಕೊಟ್ಟು ಪಾಲುದಾರನೂ ಆಯಿತು. ಬಿದರೆಹಳ್ಳ ಕಾವಲಿನ ಕಾರ್ಖಾನೆಯು ಆ ಮರದ ಕೊಂಬೆಯೇ.

ಹಾಗಾದರೆ ಆರಂಭದಲ್ಲಿ ಎತ್ತಿದ ಎರಡು ಮಾತುಗಳ ತೀರ್ಮಾನವೇನು? ಆಕಾಶದ ಆಯುಧವು ನಮಗೆ ಸಂಪೂರ್ಣವಾಗಿ ಪರಕೀಯವೆಂಬುದು ತಪ್ಪು. ಕಬ್ಬಿಣದ ಕೊಳವೆಯ ಬಾಣವು ಮೈಸೂರಿನಿಂದ ವೂಲಿಚ್ಚಿಗೆ ಹೋದುದು ಸಿದ್ಧವಾದ ಸಂಗತಿ. ಮುಂದಿನ ರಾಕೆಟ್ಟುಗಳ ವಂಶಾವಳಿಯಲ್ಲಿ ಅದಕ್ಕೆ ಹಿರಿಯ ಸ್ಥಾನವುಂಟು. ಎಲ್ಲವೂ ನಮ್ಮಲ್ಲಿಯೇ ಇದ್ದಿತೆಂಬುದೂ ಅಷ್ಟೇ ತಪ್ಪು. ಕೊಳವೆ ಬಡಿದ ಕಮ್ಮಾರನ ಹೆಸರಾಗಲಿ, ಮದ್ದು ಅರೆದವನ ಹೆಸರಾಗಲಿ ನಮಗೆ ಉಳಿದುಬಂದಿಲ್ಲ. ಅವರ ಅಳತೆಗಳನ್ನು ಬರೆದಿಟ್ಟವರಿಲ್ಲ. ವಿದ್ಯೆಯು ಕೈಯಲ್ಲಿಯೇ ಇದ್ದುದರಿಂದ, ಅರಸೊತ್ತಿಗೆಯು ಹೋದೊಡನೆ ಕೈಯೂ ಬರಿದಾಯಿತು, ವಿದ್ಯೆಯೂ ಹೋಯಿತು. ಗೆದ್ದವರು ಹೊತ್ತುಕೊಂಡು ಹೋದುದು ಕೆಲವು ಕೊಳವೆಗಳನ್ನು ಮಾತ್ರ. ಉಳಿದುದನ್ನು ಅವರು ಅಳೆದು, ಬರೆದು, ಕಲಿತುಕೊಂಡರು.

ಇಂದು ಗುಬ್ಬಿಯ ಸುತ್ತಿನ ಹಳ್ಳಿಗಳ ತರುಣರು ಕಾವಲಿನ ಕಾರ್ಖಾನೆಯ ಕಡೆಗೆ ಆಸೆಯಿಂದ ನೋಡುತ್ತಿರುವರು. ಅವರಿಗೆ ಅಲ್ಲಿ ಕೂಲಿಯಷ್ಟೇ ದೊರೆತರೆ ಸಾಲದು. ಯಂತ್ರದ ಲೆಕ್ಕವೂ, ಅದನ್ನು ತಿದ್ದುವ ವಿದ್ಯೆಯೂ ತುಮಕೂರಿನ ಪಾಠಶಾಲೆಗಳಿಂದ ಆ ಕಾರ್ಖಾನೆಗೂ, ಕಾರ್ಖಾನೆಯಿಂದ ಪಾಠಶಾಲೆಗಳಿಗೂ ಹರಿಯುತ್ತಿರಬೇಕು. ಹಾಗಾದರೆ ನಗರದ ಬಾವಿಯಲ್ಲಿ ಹೂತುಹೋದಂತೆ ಈ ಸಲದ ವಿದ್ಯೆಯು ಹೂತುಹೋಗಲಾರದು.