ಕ್ಷಯಾಣುವಿನ ಪ್ರೊಟೀನ್ ಕಾವಲು: ಹೊಸ ಔಷಧಗಳ ಗುರಿ

ಸದಲಗಾ: ದೂಧಗಂಗಾ ತೀರದ ಸದಲಗಾ ಸೇರಿದಂತೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಕ್ಷಯರೋಗಿಗಳಿಗೆ ಸರ್ಕಾರ ಉಚಿತವಾಗಿ ನೀಡುವ ಔಷಧಗಳಲ್ಲಿ ಪೈರಾಜಿನಮೈಡ್ ಒಂದು. ಸಾಮಾನ್ಯ ಕ್ಷಯದ ಆರು ತಿಂಗಳ ಚಿಕಿತ್ಸೆಯಲ್ಲಿ ಮೊದಲ ಎರಡು ತಿಂಗಳು ಇದನ್ನು ಕೊಡಲಾಗುತ್ತದೆ. 1950ರ ದಶಕದಿಂದ ಬಳಕೆಯಲ್ಲಿರುವ ಈ ಔಷಧ ರೋಗಾಣುವನ್ನು ಹೇಗೆ ಕೊಲ್ಲುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ಉತ್ತರದ ಒಂದು ಭಾಗ ಕ್ಷಯಾಣುವಿನ ಪ್ರೊಟೀನ್ ಗುಣಮಟ್ಟ ನಿಯಂತ್ರಣ ವ್ಯವಸ್ಥೆಯಲ್ಲಿ ದೊರೆತಿದೆ.

ಏನಿದು ವ್ಯವಸ್ಥೆ?

ಜೀವಕೋಶದಲ್ಲಿ ಪ್ರೊಟೀನುಗಳು ಸರಪಳಿಯಂತೆ ತಯಾರಾಗಿ, ನಂತರ ನಿರ್ದಿಷ್ಟ ಆಕಾರಕ್ಕೆ ಮಡಚಿಕೊಳ್ಳುತ್ತವೆ. ಇದಕ್ಕೆ ನೆರವಾಗುವ ಪ್ರೊಟೀನುಗಳೇ ಚಾಪೆರೋನ್‌ಗಳು. ಕೆಟ್ಟ ಅಥವಾ ಬೇಡವಾದ ಪ್ರೊಟೀನುಗಳನ್ನು ಕತ್ತರಿಸಿ ಹಾಕುವವು ಪ್ರೋಟಿಯೇಸ್‌ಗಳು. ಕ್ಲಿಪ್-ಪಿ ಎಂಬ ಪ್ರೋಟಿಯೇಸ್ 14 ಘಟಕಗಳಿಂದಾದ ಪೀಪಾಯಿಯಂತಿದ್ದು, ಕತ್ತರಿಸುವ ಕೆಲಸ ಅದರೊಳಗೆ ನಡೆಯುತ್ತದೆ. ಕ್ಲಿಪ್-ಸಿ1 ಎಂಬ ಸಹಾಯಕ ಪ್ರೊಟೀನು ಮಡಿಕೆ ಬಿಡಿಸಿ ಒಳಗೆ ತುರುಕುತ್ತದೆ. ಇವಿಲ್ಲದೆ ಕ್ಷಯಾಣು ಬದುಕದು.

ಸಂಶೋಧನೆಯ ಹಾದಿ

ಕ್ಷಯಾಣುವಿನ ಒಂದು ಚಾಪೆರೋನ್‌ನ ರಚನೆಯನ್ನು ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದಲ್ಲಿ ಶೇಖರ್ ಮಾಂಡೆ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದರು. 2005ರಲ್ಲಿ ಜರ್ಮನಿಯ ವಿಜ್ಞಾನಿಗಳು ಎಡಿಇಪಿ ಎಂಬ ಸಂಯುಕ್ತವು ಇತರ ಕೆಲವು ಬ್ಯಾಕ್ಟೀರಿಯಾಗಳ ಕ್ಲಿಪ್-ಪಿ ಬಾಗಿಲನ್ನು ಅಂಕೆಯಿಲ್ಲದೆ ತೆರೆಯುವಂತೆ ಮಾಡುತ್ತದೆ ಎಂದು ತೋರಿಸಿದರು. ಆಗ ಬ್ಯಾಕ್ಟೀರಿಯಾ ತನ್ನ ಅಗತ್ಯದ ಪ್ರೊಟೀನುಗಳನ್ನೇ ಕತ್ತರಿಸಿಕೊಂಡು ಸಾಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಂದ ದೊರೆತ ಲ್ಯಾಸೊಮೈಸಿನ್ ಕ್ಷಯಾಣುವಿನ ಕ್ಲಿಪ್-ಸಿ1ಗೆ ಅಂಟಿಕೊಳ್ಳುತ್ತದೆ ಎಂಬುದು 2014ರಲ್ಲಿ ವರದಿಯಾಯಿತು.

ಪೈರಾಜಿನಮೈಡ್ ಬಗೆಗಿನ ಸುಳಿವು ಸಿಕ್ಕಿದ್ದು 2020ರಲ್ಲಿ. ಈ ಔಷಧ ಕ್ಷಯಾಣುವಿನೊಳಗೆ ಆಮ್ಲವಾಗಿ ಮಾರ್ಪಟ್ಟು, ಕೋಎಂಜೈಮ್-ಎ ತಯಾರಿಕೆಗೆ ಬೇಕಾದ ಪ್ಯಾನ್-ಡಿ ಎಂಬ ಪ್ರೊಟೀನಿಗೆ ಅಂಟುತ್ತದೆ. ಹಾಗೆ ಅಂಟಿಸಿಕೊಂಡ ಪ್ಯಾನ್-ಡಿಯನ್ನು ಕ್ಷಯಾಣುವಿನ ಸ್ವಂತ ಕಾವಲು ವ್ಯವಸ್ಥೆಯೇ ನಾಶಮಾಡುತ್ತದೆ. ಗುರಿಯನ್ನು ತಡೆಯುವುದಷ್ಟೇ ಅಲ್ಲ, ಅದನ್ನು ರೋಗಾಣುವಿನಿಂದಲೇ ನಾಶಪಡಿಸುವ ಔಷಧವನ್ನೂ ರೂಪಿಸಬಹುದೆಂಬ ಆಶೆ ಇದರಿಂದ ಮೂಡಿದೆ.

ಅಡೆತಡೆಗಳು

ಮನುಷ್ಯನ ಜೀವಕೋಶದ ಮೈಟೊಕಾಂಡ್ರಿಯಾದಲ್ಲಿಯೂ ಕ್ಲಿಪ್-ಪಿ ಇದೆ. ರೋಗಿಗೆ ಅಪಾಯವಾಗದಂತೆ ರೋಗಾಣುವನ್ನು ಮಾತ್ರ ಹೊಡೆಯುವ ಔಷಧ ಬೇಕು. ಎಡಿಇಪಿ, ಲ್ಯಾಸೊಮೈಸಿನ್‌ಗಳು ಇನ್ನೂ ಔಷಧವಾಗಿ ಮಾರುಕಟ್ಟೆಗೆ ಬಂದಿಲ್ಲ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಮಾತ್ರೆಗಳಿಗೆ ಮಣಿಯದ ಕ್ಷಯ ಬೆಳೆಯಬಹುದು. ಹೊಸ ಔಷಧ ಬರುವವರೆಗೆ, ಇರುವ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ದಿನ ತಪ್ಪದೆ ಸೇವಿಸುವುದೇ ಅವುಗಳ ಶಕ್ತಿಯನ್ನು ಉಳಿಸುವ ದಾರಿಯಾಗಿದೆ.