ಸಂಗೀತ ಇಳಿದುಕೊಂಡ ಮನೆ: ಕುಂದಗೋಳದ ನಾಡಗೀರ ವಾಡೆ

ಹೊಸದುರ್ಗ ರೋಡ್ ಸ್ಟೇಷನ್ ನಮ್ಮ ತಾಲ್ಲೂಕಿನವರಿಗೆಲ್ಲ ಗೊತ್ತು. ಹೆಸರಿನಲ್ಲಿ 'ರೋಡ್' ಇದೆ ಎಂದರೆ ಊರು ದೂರ ಇದೆ ಎಂದೇ ಲೆಕ್ಕ. ಹಾಲುರಾಮೇಶ್ವರದ ಗಂಗೆಗೆ ಹರಕೆ ಹೊತ್ತು ರೈಲಿನಲ್ಲಿ ಬರುವವರು ಅಲ್ಲಿ ಇಳಿದು ಮತ್ತೆ ಬಸ್ಸು ಹಿಡಿಯಬೇಕು. ಅದೇ ಸ್ಟೇಷನ್ನಿನಿಂದ ಹುಬ್ಬಳ್ಳಿ ಕಡೆಯ ಹಳಿ ಹಿಡಿದು ಹೋದರೆ ರಾಮಗಿರಿ, ಚಿಕ್ಕಜಾಜೂರು, ದಾವಣಗೆರೆ, ಹರಿಹರ ಸಿಗುತ್ತವೆ. ತುಂಗಭದ್ರೆಯ ಸೇತುವೆ ದಾಟಿದರೆ ರಾಣೆಬೆನ್ನೂರು, ಹಾವೇರಿ. ಇನ್ನೂ ಮುಂದೆ ಸಂಶಿ, ಆಮೇಲೆ ಕುಂದಗೋಳ. ಅದಾದ ಮೇಲೆ ಹುಬ್ಬಳ್ಳಿಯೇ.

ಕುಂದಗೋಳ ದೊಡ್ಡ ಊರಲ್ಲ. ಕರಿಮಣ್ಣಿನ ಸೀಮೆ, ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವ ಹೊಲಗಳು, ಚಾಲುಕ್ಯರ ಕಾಲದ ಶಂಭುಲಿಂಗನ ಗುಡಿ. ಎಕ್ಸ್‌ಪ್ರೆಸ್ ರೈಲಿನಲ್ಲಿ ಕೂತವರು ಆ ಹೆಸರಿನ ಬೋರ್ಡನ್ನು ಸರಿಯಾಗಿ ಓದುವಷ್ಟರಲ್ಲಿ ಸ್ಟೇಷನ್ ದಾಟಿರುತ್ತದೆ. ಆದರೆ ಭಾರತರತ್ನ ಭೀಮಸೇನ ಜೋಶಿ ಹಾಡು ಕಲಿತದ್ದು ಈ ಊರಿನಲ್ಲಿ. ಪದ್ಮವಿಭೂಷಣ ಗಂಗೂಬಾಯಿ ಹಾನಗಲ್ ಕಲಿತದ್ದೂ ಇಲ್ಲೇ. ಅವರಿಬ್ಬರ ಗುರು ಸವಾಯಿ ಗಂಧರ್ವರು ಹುಟ್ಟಿದ್ದು ಇಲ್ಲಿ. ಆ ಗುರುವಿನ ಗುರು ಉಸ್ತಾದ್ ಅಬ್ದುಲ್ ಕರೀಂ ಖಾನರು ಬಂದು ಇಳಿದುಕೊಳ್ಳುತ್ತಿದ್ದ ಮನೆಯೂ ಇಲ್ಲೇ ಇದೆ. ಅದೇ ನಾಡಗೀರ ವಾಡೆ.

ಈ ವಾಡೆಯ ಕಥೆಯನ್ನು ನಮ್ಮ ಓದುಗರಿಗೆ ಹೇಳಲು ಕಾರಣ ಇದೆ. ಉತ್ತರದ ಸಂಗೀತ ಧಾರವಾಡ ಸೀಮೆಯಲ್ಲಿ ಬೇರು ಬಿಟ್ಟದ್ದು ಏಕೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ 'ಆ ಕಡೆಯ ಮಣ್ಣಿನ ಗುಣ' ಎನ್ನುವುದು. ಮಣ್ಣಿನ ಗುಣದಿಂದ ಮೆಣಸಿನಕಾಯಿ ಬರಬಹುದು, ತೋಡಿ ರಾಗ ಬರುವುದಿಲ್ಲ. ನಮಗೆ ಕಾಣುವ ಕಾರಣ ಬೇರೆ. ಹಾಡುವವರಿಗೆ ಆ ಕಡೆ ಉಳಿಯಲು ಜಾಗ ಸಿಕ್ಕಿತು.

ಹಿನ್ನೆಲೆ ಸ್ವಲ್ಪ ಹೇಳಬೇಕು. 1880ರ ದಶಕದ ಕೊನೆಯ ಹೊತ್ತಿಗೆ ಪುಣೆ, ಮೀರಜ್ ಕಡೆಯಿಂದ ಹುಬ್ಬಳ್ಳಿ, ಹರಿಹರ ದಾಟಿ ಬೆಂಗಳೂರಿನವರೆಗೆ ರೈಲು ದಾರಿ ಆಗಿತ್ತು. ಮೈಸೂರಿನ ಒಡೆಯರು ದಸರೆಗೆ ಉತ್ತರದ ಉಸ್ತಾದರನ್ನು ಕರೆಸುತ್ತಿದ್ದರು. ಈಗಿನಂತೆ ಒಂದು ರಾತ್ರಿಯ ಪ್ರಯಾಣ ಅಲ್ಲ ಅದು. ತಂಬೂರಿ, ಸಾರಂಗಿ, ತಬಲಾ, ಶಿಷ್ಯರು, ಗಂಟುಮೂಟೆ ಎಲ್ಲ ಕಟ್ಟಿಕೊಂಡು ಹೊರಟವರು ನಡುವೆ ಧಾರವಾಡ, ಹುಬ್ಬಳ್ಳಿಗಳಲ್ಲಿ ಇಳಿಯುತ್ತಿದ್ದರು. ಹೀಗೆ ಇಳಿದವರಲ್ಲಿ ಕೆಲವರು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿದರು.

ಆಗ ಹರಿಹರ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದ ಮೇಲೆ ಅದು ಆ ಕಡೆ ಹೋಯಿತು. ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ್ಯ. ಆ ದಡದಲ್ಲಿ ಮರಾಠಿ ನಾಟಕ ಕಂಪನಿಗಳ ಓಡಾಟ, ಅದರ ಜೊತೆಗೆ ಹಿಂದೂಸ್ತಾನಿ ಸಂಗೀತ. ಈ ದಡದಲ್ಲಿ ಕರ್ನಾಟಕ ಸಂಗೀತ, ಗಮಕ, ಹರಿಕಥೆ. ಮೈಸೂರಿಗೆ ಹೊರಟ ಉಸ್ತಾದರ ಗಾಡಿ ನಮ್ಮ ಸ್ಟೇಷನ್ನುಗಳನ್ನು ದಾಟಿಯೇ ಹೋಗಿರಬೇಕು. ನಮ್ಮ ಅಜ್ಜಂದಿರು ಪ್ಲಾಟ್‌ಫಾರಂ ಮೇಲೆ ಕಡಲೆಕಾಯಿ ಮೂಟೆ ಇಳಿಸುತ್ತಾ ನಿಂತಿದ್ದಾಗ ಒಳಗೆ ಯಾರೋ ಖಾನ್‌ಸಾಹೇಬರು ನಿದ್ದೆ ಹೊಡೆಯುತ್ತಿದ್ದರೂ ಇದ್ದಾರು!

ಕುಂದಗೋಳದ ಸ್ಥಿತಿ ಇನ್ನೂ ಬೇರೆ. ಸುತ್ತ ಬ್ರಿಟಿಷರ ಸೀಮೆ ಇದ್ದರೂ ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನಕ್ಕೆ ಸೇರಿದ ತುಂಡು. ಜಮಖಂಡಿ ಆಳುತ್ತಿದ್ದವರು ಪಟವರ್ಧನರು. ಕುಂದಗೋಳದಲ್ಲಿ ನಾಡಗೀರ ಮನೆತನದ ವಾಡೆ. ವಾಡೆ ಎಂದರೆ ನಮ್ಮ ಕಡೆಯ ದೊಡ್ಡ ತೊಟ್ಟಿಮನೆಯನ್ನು ನೆನೆಸಿಕೊಳ್ಳಿ, ಅದಕ್ಕಿಂತ ಇನ್ನೂ ದೊಡ್ಡದು. ಹತ್ತು ಜನ ಬಂದರೂ ಮನೆಯವರಿಗೆ ಇಕ್ಕಟ್ಟಾಗದಂಥ ಜಾಗ. ಆ ಮನೆಯವರಿಗೆ ಹಾಡಿನ ಹುಚ್ಚು. ಅಬ್ದುಲ್ ಕರೀಂ ಖಾನರು ಬಂದರೆ ಅಲ್ಲೇ ಇರುತ್ತಿದ್ದರು.

ಖಾನರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ. 'ಕಿರಾಣಾ ಘರಾಣೆ' ಎಂಬ ಹೆಸರು ಬಂದದ್ದು ಆ ಊರಿನಿಂದ. ಘರಾಣೆ ಎಂದರೆ ಮನೆತನ, ಹಾಡುವ ರೀತಿಯ ಮನೆತನ. ಕಿರಾಣಿ ಅಂಗಡಿಗೂ ಇದಕ್ಕೂ ಸಂಬಂಧ ಇಲ್ಲ. ಆದರೂ ಭೀಮಸೇನರು ಗಂಗೂಬಾಯಿ ಅವರಿಗೆ, ನಿಮ್ಮದು ನಿಜವಾದ ಕಿರಾಣಾ ಘರಾಣೆ, ನನ್ನದು ಬರೀ ಕಿರಾಣಿ ಅಂಗಡಿ ಎಂದು ತಮಾಷೆ ಮಾಡುತ್ತಿದ್ದರಂತೆ. ಈ ಗಾಯನದ ಗುರುತು ಎಂದರೆ ಅವಸರ ಇಲ್ಲದಿರುವುದು. ಒಂದೊಂದೇ ಸ್ವರವನ್ನು ಹಿಡಿದು, ಅದರ ಮೇಲೆ ನಿಂತು, ಆಮೇಲೆ ಮುಂದಿನದಕ್ಕೆ ಹೋಗುವುದು.

ಖಾನರ ಕಣ್ಣಿಗೆ ಬಿದ್ದ ಕುಂದಗೋಳದ ಹುಡುಗನೇ ರಾಮಚಂದ್ರ. 1886ರ ಜನವರಿ 19ರಂದು ಹುಟ್ಟಿದವನು. ತಂದೆ ಗಣೇಶ ಸಂಶಿ. ಮನೆತನದ ಹೆಸರಿನ ಸಂಶಿ ಎಂದರೆ ಮೇಲೆ ಹೇಳಿದೆವಲ್ಲ, ಕುಂದಗೋಳಕ್ಕೆ ಮುಂಚೆ ಸಿಗುವ ಸ್ಟೇಷನ್, ಆ ಊರು. ಹುಡುಗನಿಗೆ ಶಾಲೆಯ ಪಾಠ ಹತ್ತಲಿಲ್ಲ, ಹಾಡು ಹತ್ತಿತು. ಖಾನರು ಶಿಷ್ಯನಾಗಿ ಒಪ್ಪಿಕೊಳ್ಳುವ ಮೊದಲು, ಕನಿಷ್ಠ 8 ವರ್ಷ ತಮ್ಮ ಬಳಿ ಇದ್ದು ಕಲಿಯಬೇಕು ಎಂಬ ಕರಾರು ಹಾಕಿದ್ದರೆಂದು ಹೇಳುತ್ತಾರೆ. ಈಗ 8 ತಿಂಗಳ ಕೋರ್ಸಿಗೇ ನಾವು 'ಬಹಳ ಆಯ್ತು' ಎನ್ನುತ್ತೇವೆ.

ರಾಮಭಾವೂ ಬೆಳೆದು ಮರಾಠಿ ರಂಗಭೂಮಿಗೆ ಹೋದರು. ಸ್ತ್ರೀಪಾತ್ರಗಳಲ್ಲಿ ಹಾಡಿ ಹೆಸರು ಮಾಡಿದರು. ಆ ಕಾಲದಲ್ಲಿ ಬಾಲಗಂಧರ್ವರೆಂದರೆ ರಂಗದ ರಾಜ. ಇವರ ಹಾಡು ಕೇಳಿ ಮೆಚ್ಚಿದವರು ಕೊಟ್ಟ ಬಿರುದು 'ಸವಾಯಿ ಗಂಧರ್ವ'. ಸವಾಯಿ ಎಂದರೆ ಒಂದೂಕಾಲು. ನಮ್ಮ ಹಿರಿಯರು ಕಾಳು ಸಾಲ ಕೊಟ್ಟು ಸವಾಯಿ ಲೆಕ್ಕದಲ್ಲಿ ವಾಪಸು ಪಡೆಯುತ್ತಿದ್ದರಲ್ಲ, ಅದೇ ಸವಾಯಿ. ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು ಎಂದರ್ಥ.

ನಾಟಕದ ಓಡಾಟ ಮುಗಿಸಿ ಅವರು ಊರ ಕಡೆ ಬಂದ ಮೇಲೆ ಕುಂದಗೋಳಕ್ಕೆ ಶಿಷ್ಯರು ಬರತೊಡಗಿದರು. ಭೀಮಸೇನರು ಮನೆ ಬಿಟ್ಟು ಓಡಿಹೋದದ್ದು 11ನೆಯ ವಯಸ್ಸಿನಲ್ಲಿ. ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡು ಕೇಳಿ ತಲೆ ಕೆಡಿಸಿಕೊಂಡಿದ್ದ ಹುಡುಗ. ಗುರುವನ್ನು ಹುಡುಕುತ್ತಾ ಗ್ವಾಲಿಯರ್, ಜಲಂಧರ್ ಎಂದೆಲ್ಲ ಅಲೆದು ಬಂದರೆ ಬೇಕಾದ ಗುರು ಸಿಕ್ಕಿದ್ದು ಸ್ವಂತ ಊರು ಗದಗಿನ ಪಕ್ಕದಲ್ಲೇ. 1936ರಲ್ಲಿ ಸವಾಯಿ ಗಂಧರ್ವರು ಒಪ್ಪಿಕೊಂಡರು. ಗುರುಮನೆಯಲ್ಲಿ ಇರುವುದು ಎಂದರೆ ಕೊಡದಲ್ಲಿ ನೀರು ಹೊರುವುದರಿಂದ ಹಿಡಿದು ಎಲ್ಲ ಕೆಲಸ. ಪಾಠವಾದರೂ ಹೇಗೆ? ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗಗಳನ್ನೇ ವರ್ಷಗಟ್ಟಲೆ ತಿದ್ದಿದರು. ನೂರು ಎಕರೆ ಗೀರುವುದಕ್ಕಿಂತ ಮೂರು ಎಕರೆ ಆಳವಾಗಿ ಉಳುವ ಲೆಕ್ಕ ಅದು.

ಗಂಗೂಬಾಯಿ ಅವರ ದಾರಿ ಬೇರೆ. ಅವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಆಕೆಯ ಹಾಡು ಕೇಳಲು ಅಬ್ದುಲ್ ಕರೀಂ ಖಾನರೇ ಶುಕ್ರವಾರಪೇಟೆಯ ಮನೆಗೆ ಬರುತ್ತಿದ್ದರು. 1928ರಲ್ಲಿ ಮಗಳ ಕಲಿಕೆಗೆಂದು ಮನೆಯವರು ಹುಬ್ಬಳ್ಳಿಗೆ ಬಂದರು. ಮುಂದೆ ಸವಾಯಿ ಗಂಧರ್ವರ ಬಳಿ ಗಟ್ಟಿಯಾಗಿ ಕಲಿಯಲು ಶುರು ಮಾಡಿದಾಗ ಗಂಗೂಬಾಯಿ ಅವರಿಗೆ ಸಂಸಾರವಿತ್ತು, ಮಕ್ಕಳಿದ್ದರು. ಭೀಮಸೇನರಂತೆ ಕುಂದಗೋಳದಲ್ಲಿ ಉಳಿಯಲಿಲ್ಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಕಲಿತು, ಮತ್ತೆ ರೈಲು ಹಿಡಿದು ವಾಪಸು ಹೋಗುತ್ತಿದ್ದರು. ಪಾಠ ಮುಗಿದು ಕತ್ತಲಾದರೆ ಭೀಮಸೇನರು ಸ್ಟೇಷನ್‌ವರೆಗೆ ಬಿಟ್ಟು ಬರುತ್ತಿದ್ದರು ಎಂಬ ನೆನಪು ಆ ಕಡೆ ಎಲ್ಲರ ಬಾಯಲ್ಲೂ ಇದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಾಡೆ, ಉಸ್ತಾದರು, ಗುರುಕುಲ ಎಂದು ಹೇಳುತ್ತಾ ಹೋದರೆ ಎಲ್ಲ ಚೆಂದವಾಗಿಯೇ ಕಾಣುತ್ತದೆ. ಆದರೆ ಯಾರು ಎಲ್ಲಿ ಉಳಿಯಬಹುದು, ಯಾರು ಯಾರ ಜೊತೆ ಊಟಕ್ಕೆ ಕೂರಬಹುದು ಎನ್ನುವುದು ಆ ಕಾಲದಲ್ಲಿ ಹಾಡಿನಿಂದ ತೀರ್ಮಾನ ಆಗುತ್ತಿರಲಿಲ್ಲ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿ ಸ್ವಾಗತ ಗೀತೆ ಹಾಡಿದವರಲ್ಲಿ 11 ವರ್ಷದ ಗಂಗೂಬಾಯಿ ಇದ್ದರು. ಹಾಡುವ ಹೆದರಿಕೆಗಿಂತ ಹೆಚ್ಚಾಗಿ ಆ ಹುಡುಗಿಗೆ ಇದ್ದ ಹೆದರಿಕೆ, ಊಟ ಆದ ಮೇಲೆ ತನ್ನಿಂದ ಎಂಜಲೆಲೆ ಎತ್ತಿಸಬಹುದು ಎನ್ನುವುದು. ದೊಡ್ಡವರಾದ ಮೇಲೆ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಪಾಠಕ್ಕೆ ಹೋಗುವಾಗ ಬೀದಿಯಲ್ಲಿ 'ಗಾನೇವಾಲಿ' ಎಂದು ಕೂಗಿ ಹಂಗಿಸುತ್ತಿದ್ದವರ ಬಗ್ಗೆಯೂ ಹೇಳಿದ್ದಾರೆ. ಅಂದರೆ ಕುಂದಗೋಳದ ಪಾಠಕ್ಕೆ ಭೀಮಸೇನರು ನೀರಿನ ಕೊಡ ಹೊತ್ತು ಬೆಲೆ ಕೊಟ್ಟರೆ, ಗಂಗೂಬಾಯಿ ಅವರು ಬೀದಿಯ ಮಾತು ಹೊತ್ತು ಕೊಟ್ಟರು. ನಮ್ಮ ಲೆಕ್ಕದಲ್ಲಿ ಎರಡನೆಯದೇ ಭಾರ.

ಇಷ್ಟರ ನಡುವೆಯೂ ಒಂದು ಮಾತು ಉಳಿಯುತ್ತದೆ. ಹಳ್ಳಿಯ ಜಮೀನ್ದಾರರ ವಾಡೆಯಲ್ಲಿ ಮುಸಲ್ಮಾನ ಉಸ್ತಾದರೊಬ್ಬರು ಉಳಿದರು. ಅವರ ವಿದ್ಯೆ ಸಂಶಿ ಮನೆತನದ ಹುಡುಗನಿಗೆ ಬಂತು. ಅವನಿಂದ ಗದಗಿನ ಮೇಷ್ಟರ ಮಗನಿಗೂ ಗಂಗಾಮತಸ್ಥ ತಾಯಂದಿರ ಮಗಳಿಗೂ ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರರಿಗೂ ಹೋಯಿತು. ಇವರೆಲ್ಲ ಒಂದೇ ಗುರುವಿನ ಮುಂದೆ ಕೂತವರು. ಸ್ವರವನ್ನು ಜಿಪುಣ ದುಡ್ಡು ಖರ್ಚು ಮಾಡುವಂತೆ ಎಣಿಸಿ ಎಣಿಸಿ ಬಳಸಬೇಕೆಂದು ಗುರು ಕಲಿಸಿದ್ದನ್ನು ಗಂಗೂಬಾಯಿ ಅವರು ಕೊನೆಯವರೆಗೂ ನೆನೆಯುತ್ತಿದ್ದರು.

ಮನೆಗೂ ಹಾಡಿಗೂ ಇಂಥ ನಂಟು ಕುಂದಗೋಳಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕ ಖಂಡದ ನಡುವೆ ಕೆರಿಬಿಯನ್ ಸಮುದ್ರ ಇದೆ. ಅಲ್ಲಿ ಹೈಟಿ ಎಂಬ ದೇಶ. ಅದರ ರಾಜಧಾನಿ ಪೋರ್ಟ್ ಓ ಪ್ರಿನ್ಸ್‌ನಲ್ಲಿ ಓಲೋಫ್ಸನ್ ಎಂಬ ಮರದ ಕೆತ್ತನೆಯ ಹಳೆಯ ಹೋಟೆಲ್ ಇತ್ತು. 19ನೆಯ ಶತಮಾನದ ಕೊನೆಯಲ್ಲಿ ಅಧ್ಯಕ್ಷರ ಮನೆತನವೊಂದು ಕಟ್ಟಿಸಿದ ಬಂಗಲೆ ಅದು. 1915ರಲ್ಲಿ ಅಮೆರಿಕದ ಸೇನೆ ದೇಶ ಹಿಡಿದಾಗ ಮಿಲಿಟರಿ ಆಸ್ಪತ್ರೆ ಆಯಿತು, 1930ರ ದಶಕದಲ್ಲಿ ಹೋಟೆಲ್ ಆಯಿತು. 1987ರಿಂದ ಅದನ್ನು ನಡೆಸಿದವರು ರಿಚರ್ಡ್ ಮೋರ್ಸ್ ಎಂಬ ಹಾಡುಗಾರ. ಅವರ 'ರಾಮ್' ಎಂಬ ತಂಡ ಗುರುವಾರ ರಾತ್ರಿಗಳಲ್ಲಿ ಅಲ್ಲೇ ಹಾಡುತ್ತಿತ್ತು. ಆ ಜನರ ದೇವರ ಡೋಲುಗಳ ಬಡಿತವನ್ನೂ ಗಿಟಾರನ್ನೂ ಸೇರಿಸಿದ ಹಾಡು. ಉಳಿದುಕೊಳ್ಳಲು ಬಂದವರೂ ಊರಿನವರೂ ಸೇರಿ ಕೇಳುತ್ತಿದ್ದರು. 2010ರ ಭೂಕಂಪಕ್ಕೂ ಆ ಮರದ ಮನೆ ಬೀಳಲಿಲ್ಲ. 2025ರ ಜುಲೈನಲ್ಲಿ, ಬಂದೂಕಿನ ಗುಂಪುಗಳ ಕೈಗೆ ಸಿಕ್ಕ ಬಡಾವಣೆಯಲ್ಲಿ, ಅದು ಸುಟ್ಟುಹೋಯಿತು. ತಂಡ ಇದೆ, ಹಾಡುಗಳಿವೆ, ಆದರೆ ಆ ಹಾಡು ಹುಟ್ಟಿದ ಪಡಸಾಲೆ ಇಲ್ಲ.

ನಾಡಗೀರ ವಾಡೆಯ ವಿಚಾರದಲ್ಲಿ ನಾವು ಪುಣ್ಯವಂತರು. ಅಬ್ದುಲ್ ಕರೀಂ ಖಾನರು 1937ರ ಅಕ್ಟೋಬರ್ 27ರಂದು ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಜೀವನವಿಡೀ ರೈಲಿನಲ್ಲಿ ಓಡಾಡಿದವರು, ಹೋದದ್ದೂ ಪ್ಲಾಟ್‌ಫಾರಂ ಮೇಲೆ. ಸವಾಯಿ ಗಂಧರ್ವರಿಗೆ ಕೊನೆಯ ವರ್ಷಗಳಲ್ಲಿ ಲಕ್ವ ಹೊಡೆದು ಹಾಡುವುದೇ ನಿಂತಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಹೋದರು. ಮರುವರ್ಷದಿಂದ ಭೀಮಸೇನರು ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವ ಶುರು ಮಾಡಿದರು. ಅದೀಗ ಸಾವಿರಾರು ಜನ ಸೇರುವ, ಹಲವು ದಿನಗಳ ದೊಡ್ಡ ಮಹೋತ್ಸವ. ಕುಂದಗೋಳದಲ್ಲೂ ಪುಣ್ಯತಿಥಿಯ ಸಂಗೀತ ನಡೆಯುತ್ತಾ ಬಂತು, ಅದೂ ವಾಡೆಯ ಒಳಗೇ. ಭೀಮಸೇನ ಜೋಶಿ, ಗಂಗೂಬಾಯಿ, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಎಲ್ಲರೂ ಅಲ್ಲಿ ಕೂತು ರಾತ್ರಿಯಿಡೀ ಹಾಡಿದವರೇ. ಪುಣೆಯಲ್ಲಿ ಸಿಗುವ ಹೆಸರು, ದುಡ್ಡು ಇಲ್ಲಿ ಇಲ್ಲ. ಆದರೆ ರೈತರು ಹೊಲದಿಂದ ಬಂದು, ಕೈಕಾಲು ತೊಳೆದು, ಕಂಬಕ್ಕೆ ಒರಗಿ ಕೂತು ಬೆಳಗಿನ ಜಾವದ ರಾಗ ಕೇಳುವ ಜಾಗ ಪುಣೆಯ ಮೈದಾನದಲ್ಲಿ ಎಲ್ಲಿ ಸಿಗಬೇಕು?

ಹೀಗೆಂದು ನಮ್ಮ ತಾಲ್ಲೂಕು ಬರಡೇನೂ ಅಲ್ಲ. ಸಾಣೇಹಳ್ಳಿಯನ್ನೇ ನೋಡಿ. 1997ರಿಂದ ಅಲ್ಲಿಯ ಶಿವಸಂಚಾರ ತಂಡ ಪ್ರತಿ ವರ್ಷ ನಾಟಕಗಳನ್ನು ಕಟ್ಟಿಕೊಂಡು ಕರ್ನಾಟಕ ಸುತ್ತುತ್ತಿದೆ. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಅಲ್ಲಿ ಉಳಿದು, ವಚನದ ಹಾಡು ಕಲಿತು, ರಂಗಕ್ಕೆ ಹೋಗುತ್ತಾರೆ. ಅಲ್ಲಿಯೂ ಅದೇ ಲೆಕ್ಕ: ಊಟ, ಮಲಗಲು ಚಾಪೆ, ಕಲಿಸಲು ಒಬ್ಬರು.

ಹಾಲುರಾಮೇಶ್ವರಕ್ಕೆ ಬರುವ ಭಕ್ತರೂ ಕಾಯುವವರೇ. ಕೊಳದ ಮುಂದೆ ಕೂತು ಬೇಡಿಕೊಂಡು, ನೀರಿನಿಂದ ಪ್ರಸಾದ ತೇಲಿ ಬರುವವರೆಗೆ ಕಾಯುತ್ತಾರೆ. ಕಾಯುವ ಕಡೆ ಹಾಡು ಹುಟ್ಟುತ್ತದೆ. ಗಂಗೆಯ ಮೇಲೆ ಹೆಂಗಸರು ಕಟ್ಟಿದ ಪದಗಳು, ಭಜನೆಯ ತಂಡಗಳು, ನಮ್ಮ ಕಡೆಯ ಜಾತ್ರೆಗಳಿಗೆ ಬರುತ್ತಿದ್ದ ಬಯಲಾಟದವರು, ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳು ಇವೆಲ್ಲ ಎಲ್ಲೂ ಬರೆದಿಟ್ಟ ಇತಿಹಾಸ ಅಲ್ಲ. ಅವರು ರಾತ್ರಿ ಯಾರ ಮನೆಯ ಜಗಲಿಯಲ್ಲಿ ಮಲಗುತ್ತಿದ್ದರು, ಯಾರ ಮನೆಯಲ್ಲಿ ಊಟ, ಯಾರನ್ನು ಒಳಗೆ ಕರೆಯುತ್ತಿದ್ದರು, ಯಾರಿಗೆ ಹೊರಗೇ ಎಲೆ ಹಾಕುತ್ತಿದ್ದರು, ಯಾರ ಮನೆಯ ಹುಡುಗ ಅವರಿಂದ ತಾಳ ಕಲಿತ ಎನ್ನುವುದು ನಿಮ್ಮ ಅಜ್ಜಿ, ದೊಡ್ಡಪ್ಪಂದಿರಿಗೆ ಗೊತ್ತಿರುತ್ತದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಯಾವ ಊರಾದರೂ ಸರಿ, ಸಂಜೆ ಹೊತ್ತು ಅವರನ್ನು ಒಂದಿಷ್ಟು ಮಾತಿಗೆ ಎಳೆಯಿರಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಮಗೂ ಹೇಳಿ ಕಳಿಸಿ, ಪುಸ್ತಕ ಪೆನ್ನು ಹಿಡಿದು ಬರುತ್ತೇವೆ.